ಪೆಟ್ಟಿಗೆಯೊಳಗಿನ ಸಹಿಗಳು

25 ಜನವರಿ 2024, ಗುರುವಾರ, ರಾತ್ರಿ ಹನ್ನೊಂದೂವರೆ

ಒಂದು ಕಂಪ್ಯೂಟರಿನ ಹುಟ್ಟುಹಬ್ಬದ ದಿನ ಅಣ್ಣನೂ ಭಾವನೂ ಮಾತು ಬಿಟ್ಟರು. ಇವತ್ತಿಡೀ ಅದೇ ತಲೆಯಲ್ಲಿ. ಆಫೀಸಿನಲ್ಲಿ ಏನು ಮಾಡಿದೆನೋ ನೆನಪಿಲ್ಲ.

ನಿನ್ನೆ ಆ್ಯಪಲ್ ಕಂಪನಿಯ ಮ್ಯಾಕಿಂಟೋಷ್ ಕಂಪ್ಯೂಟರಿಗೆ, ಅಂದರೆ ಮ್ಯಾಕ್‌ಗೆ, ನಲವತ್ತು ತುಂಬಿತು. 1984ರ ಜನವರಿ 24ರಂದು ಕಂಪನಿ ಕಟ್ಟಿದವರಲ್ಲೊಬ್ಬನಾದ ಸ್ಟೀವ್ ಜಾಬ್ಸ್ ಅದನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಾಗ, ಆ ಪುಟ್ಟ ಡಬ್ಬಿ ಸಭೆಗೆಲ್ಲ ಕೇಳುವಂತೆ ತನ್ನ ಪರಿಚಯ ತಾನೇ ಹೇಳಿಕೊಂಡಿತ್ತು. ಭಾವ ಬೆಳಗಾಗೆದ್ದು ಅದರ ಫೋಟೋವನ್ನು ಮನೆಯವರ ಗುಂಪಿಗೆ ಹಾಕಿ, "ನಮ್ಮ ಮನೆದೇವರಿಗೆ ನಲವತ್ತು" ಅಂತ ಬರೆದರು. ಅಣ್ಣ ಐದೇ ನಿಮಿಷದಲ್ಲಿ, "ಬಾಗಿಲಿಗೆ ಅಂಟು ಮೆತ್ತಿರೋ ಗುಡಿ" ಅಂದ. ಭಾವ, "ಕೊಳ್ಳೋ ಮನಸ್ಸಿಲ್ಲದವರಿಗೆ ಬೈಯೋದು ಸುಲಭ." ಅಣ್ಣ, "ಭಕ್ತರ ಹತ್ರ ನಾನು ವಾದ ಮಾಡಲ್ಲ ಭಾವ." ಅಷ್ಟೇ. ಆಮೇಲೆ ಇಬ್ಬರೂ ಸುಮ್ಮನಾದರು. ಅಕ್ಕ ನನಗೆ ಮಾತ್ರ ಬೇರೆಯಾಗಿ, "ನೀನಾದ್ರೂ ಏನಾದ್ರೂ ಹೇಳೇ" ಅಂತ ಕಳಿಸಿದಳು. ಏನು ಹೇಳಲಿ?

ಸಂಜೆ ಅಣ್ಣನೇ ಫೋನ್ ಮಾಡಿದ. ಮೊದಲು ಬೇರೆ ಏನೇನೋ ಮಾತಾಡಿದ. ನಾನೂ ಕಾದೆ.

"ಕೊಳ್ಳೋ ಮನಸ್ಸಿಲ್ಲದವನು ಅಂದ್ರಲ್ಲ," ಅಂದ ಕೊನೆಗೆ. "ನಂಗೆ? ಭಾವ ನಂಗೆ ಹಾಗಂದ್ರು?"

ಅವನ ದನಿ ಕೇಳಿ ನನಗೆ ಎಂಟನೇ ಕ್ಲಾಸಿನ ಬೇಸಿಗೆ ರಜೆ ನೆನಪಾಯಿತು. ಯಾರೋ ಬೇಡವೆಂದು ಎತ್ತಿಟ್ಟಿದ್ದ ಮೊದಲ ಮಾದರಿಯ ಮ್ಯಾಕನ್ನು ಅಣ್ಣ ಹೊತ್ತು ತಂದಿದ್ದ. ಒಂಬತ್ತು ಇಂಚಿನ ಕಪ್ಪುಬಿಳುಪು ಪರದೆ, 128 ಕೆಬಿ ಮೆಮೊರಿ. ಅದನ್ನು ಬಿಚ್ಚಲು ಮಾಮೂಲಿ ಸ್ಕ್ರೂಡ್ರೈವರ್ ಸಾಲದು. ಮೇಲಿನ ಹಿಡಿಕೆಯ ಒಳಗೆ ಆಳದಲ್ಲಿ ಎರಡು ಸ್ಕ್ರೂ ಇರುತ್ತವೆ, ನಕ್ಷತ್ರದಂಥ ತಲೆಯವು. ಅವಕ್ಕೆಂದೇ ಗೇಣುದ್ದದ ಸ್ಕ್ರೂಡ್ರೈವರ್ ಬೇಕು. ಅಣ್ಣ ಅದನ್ನು ಎಲ್ಲಿಂದಲೋ ಹೊಂದಿಸಿದ್ದ. "ಆ ಪಿಕ್ಚರ್ ಟ್ಯೂಬ್ ಮುಟ್ಬೇಡ, ಕರೆಂಟ್ ತೆಗೆದಿದ್ರೂ ಹೊಡೆಯುತ್ತೆ" ಅಂತ ನನ್ನನ್ನು ದೂರ ಕೂರಿಸಿ, ಹಿಂಬದಿಯ ಕವಚವನ್ನು ಎಳೆದು ತೆಗೆದು, ತಿರುಗಿಸಿ ತೋರಿಸಿದ. ಒಳಮೈ ತುಂಬ ಸಹಿಗಳು. ಅದನ್ನು ಮಾಡಿದವರ ಸಹಿಗಳು. 1982ರ ಫೆಬ್ರವರಿಯಲ್ಲಿ ತಂಡದವರೆಲ್ಲ ಒಂದು ಹಾಳೆಯ ಮೇಲೆ ಸಹಿ ಮಾಡಿದ್ದರಂತೆ, ಅದನ್ನೇ ಅಚ್ಚಿಗೆ ಇಳಿಸಿದ್ದರು. ಕೊಂಡವರು ಯಾರೂ ನೋಡದ ಜಾಗದಲ್ಲಿ.

"ನೋಡೇ," ಅಂದಿದ್ದ ಅಣ್ಣ ಆಗ, "ಚಿತ್ರ ಬರೆದೋರು ಮಾತ್ರ ಸಹಿ ಹಾಕೋದು."

ಅವತ್ತು ಅವನ ಮುಖದಲ್ಲಿದ್ದದ್ದನ್ನು ಭಕ್ತಿ ಅನ್ನದೆ ಇನ್ನೇನೆನ್ನಲಿ.

ಇವತ್ತು ಫೋನಿನಲ್ಲಿ ಅವನೇ 1997ರ ಮಾತೆತ್ತಿದ. ಆ್ಯಪಲ್ ಮುಳುಗೇಹೋಯಿತು ಅಂತ ಜನ ಮಾತಾಡುತ್ತಿದ್ದ ವರ್ಷ. ಆಗಸ್ಟ್‌ನಲ್ಲಿ ಬಾಸ್ಟನ್ನಿನ ಸಭೆಯಲ್ಲಿ ಜಾಬ್ಸ್, ವಿಂಡೋಸ್ ಮಾಡುವ ಎದುರಾಳಿ ಮೈಕ್ರೋಸಾಫ್ಟ್ 15 ಕೋಟಿ ಡಾಲರ್ ಹಾಕುತ್ತಿದೆ ಅಂದಾಗ, ದೊಡ್ಡ ಪರದೆಯ ಮೇಲೆ ಬಿಲ್ ಗೇಟ್ಸ್ ಮುಖ ಕಂಡಾಗ, ಅಭಿಮಾನಿಗಳು ಕೂಗಿ ಗೇಲಿ ಮಾಡಿದ್ದರು. ಎರಡು ತಿಂಗಳಿಗೆ ಇನ್ನೊಂದು ಕಂಪ್ಯೂಟರ್ ಕಂಪನಿಯ ಮೈಕಲ್ ಡೆಲ್, ನನ್ನ ಕೈಗೆ ಕೊಟ್ಟರೆ ಕಂಪನಿ ಮುಚ್ಚಿ ಷೇರುದಾರರಿಗೆ ದುಡ್ಡು ವಾಪಸ್ ಕೊಡುತ್ತೇನೆ ಅಂದುಬಿಟ್ಟರು. ಅಣ್ಣ ಆಗ ಆಫೀಸಿನಲ್ಲಿ ಒಬ್ಬನೇ ಮ್ಯಾಕಿನವನು. ದಿನಾ ಯಾರಾದರೊಬ್ಬರು ಅವನ ಮೇಜಿನ ಹತ್ತಿರ ನಿಂತು ಕಂಪನಿ ಯಾವಾಗ ಮುಚ್ಚುತ್ತೆ ಅಂತ ಕೇಳಿ ಹೋಗುವವರೇ.

"ಆವಾಗ ಭಾವ ಎಲ್ಲಿದ್ರು ಹೇಳು," ಅಂದ. "ವಿಂಡೋಸಲ್ಲಿ. ಕರ್ಕೊಂಡು ಬಂದವನು ನಾನು."

ನಿಜ. 2006ರಲ್ಲಿ ಮ್ಯಾಕ್‌ಗೆ ಇಂಟೆಲ್ ಚಿಪ್ ಬಂದ ವರ್ಷ, "ಬೇಡ ಅನ್ಸಿದ್ರೆ ಅದ್ರಲ್ಲೇ ವಿಂಡೋಸ್ ಹಾಕ್ಕೊಳ್ಳಿ ಭಾವ, ಬೂಟ್ ಕ್ಯಾಂಪ್ ಬಂದಿದೆ" ಅಂತ ಪುಸಲಾಯಿಸಿ ಕೊಡಿಸಿದವನು ಇವನೇ. ಭಾವ ಕೊನೆಗೂ ವಿಂಡೋಸ್ ಹಾಕಲಿಲ್ಲ. ಇವನು ಆರು ವರ್ಷಕ್ಕೆ ಮ್ಯಾಕ್ ಬಿಟ್ಟು ಹೊರಟುಹೋದ.

2012ರ ರೆಟಿನಾ ಪರದೆಯ ಮ್ಯಾಕ್‌ಬುಕ್ ಪ್ರೊ ಬಂದಾಗ ಅವನ ಪಾಲಿಗೆ ಒಂದೇ ಏಟಿಗೆ ಎಲ್ಲ ಮುಗಿಯಿತು. ಮೆಮೊರಿಯನ್ನು ಬೋರ್ಡಿಗೇ ಬೆಸುಗೆ ಹಾಕಿದ್ದರು, ಬ್ಯಾಟರಿಯನ್ನು ಅಂಟಿನಿಂದ ಮೆತ್ತಿದ್ದರು, ಸ್ಕ್ರೂಗಳು ಅವರದೇ ಐದೆಸಳಿನವು. ಯಂತ್ರಗಳನ್ನು ಬಿಚ್ಚಿ, ರಿಪೇರಿ ಎಷ್ಟು ಸುಲಭ ಅಂತ ಅಂಕ ಕೊಡುವ ಐಫಿಕ್ಸಿಟ್ ಜಾಲತಾಣದವರು ನೋಡಿ ರಿಪೇರಿಗೆ 10ಕ್ಕೆ 1 ಅಂಕ ಕೊಟ್ಟರು. ಅಣ್ಣ ಆ ಪುಟವನ್ನು ನನಗೆ ಕಳಿಸಿ ಒಂದೇ ಸಾಲು ಬರೆದಿದ್ದ: "ಇದರೊಳಗೆ ಯಾರ ಸಹಿಯೂ ಇಲ್ಲ." ಅಲ್ಲಿಂದ ಅವನದು ಲಿನಕ್ಸ್, ಯಾರು ಬೇಕಾದರೂ ತೆರೆದು ತಿದ್ದಬಹುದಾದ ವ್ಯವಸ್ಥೆ.

ಆದರೆ ಅಣ್ಣಾ, ಆ ಮೊದಲ ಪೆಟ್ಟಿಗೆಯೂ ಮುಚ್ಚಿದ್ದೇ ಅಲ್ಲವಾ? ಫೋನಿಟ್ಟ ಮೇಲೆ ನನಗೆ ಹೊಳೆದದ್ದು ಇದು. ಆ ಗೇಣುದ್ದದ ಸ್ಕ್ರೂಡ್ರೈವರ್ ಯಾಕೆ ಬೇಕಿತ್ತು? ಜನ ಬಿಚ್ಚಬಾರದು ಅಂತಲೇ. 1977ರ ಆ್ಯಪಲ್ 2 ಕಂಪ್ಯೂಟರಿನಲ್ಲಿ ಎಂಟು ಸ್ಲಾಟ್ ಇದ್ದವು, ಯಾರು ಯಾವ ಕಾರ್ಡ್ ಬೇಕಾದರೂ ಸೇರಿಸಬಹುದಿತ್ತು. ಜಾಬ್ಸ್‌ಗೆ ಎರಡೇ ಸಾಕಿತ್ತು, ಪ್ರಿಂಟರಿಗೊಂದು, ಮೋಡೆಮ್‌ಗೊಂದು. ಎಂಟೂ ಇರಬೇಕು ಅಂತ ಹಟ ಹಿಡಿದು ಗೆದ್ದವನು ಅವನ ಜೊತೆ ಕಂಪನಿ ಕಟ್ಟಿದ ಸ್ಟೀವ್ ವೋಜ್ನಿಯಾಕ್. ಏಳು ವರ್ಷ ಬಿಟ್ಟು ಮ್ಯಾಕ್ ಬಂದಾಗ ಒಂದು ಸ್ಲಾಟೂ ಇರಲಿಲ್ಲ. ಜಾಬ್ಸ್ ಗೆದ್ದಿದ್ದ. ಅಷ್ಟಾದರೂ ಬೋರ್ಡ್ ವಿನ್ಯಾಸ ಮಾಡಿದ ಬರೆಲ್ ಸ್ಮಿತ್, ಮುಂದೆ ದೊಡ್ಡ ಚಿಪ್ ಕೂರಿಸಿ 512 ಕೆಬಿ ಮಾಡಿಕೊಳ್ಳಲು ದಾರಿ ಬಿಟ್ಟಿದ್ದ. ಕೈ ಪಳಗಿದವರು ತಾವೇ ಬೆಸುಗೆ ಹಾಕಿಕೊಂಡರು. ಅಂದರೆ ನಮ್ಮ ಮನೆಯಲ್ಲಿ ನಿನ್ನೆ ನಡೆದ ಜಗಳ ಆ ಕಂಪನಿಯೊಳಗೇ ಹುಟ್ಟಿದ್ದು. ತೆರೆದ ಪೆಟ್ಟಿಗೆಯವರೂ ಮುಚ್ಚಿದ ಪೆಟ್ಟಿಗೆಯವರೂ ಒಂದೇ ಒಲೆಯ ಅನ್ನ ಉಂಡವರು. ವೋಜ್ ಅನ್ನುವ ಸಹಿಯೂ ಆ ಮುಚ್ಚಿದ ಪೆಟ್ಟಿಗೆಯ ಒಳಗಿದೆ.

ಆದ್ದರಿಂದಲೇ ಟೀಕೆ ಮಾಡುವವರನ್ನು ಹೊರಗಿನವರು ಅನ್ನುವಾಗ ನನಗೆ ಸಂಕಟವಾಗುತ್ತದೆ. 2015ರಲ್ಲಿ ಮ್ಯಾಕ್‌ಬುಕ್‌ಗೆ ಬಂದ, ಬಟರ್‌ಫ್ಲೈ ಅನ್ನುವ ಆ ತೆಳು ಕೀಬೋರ್ಡ್ ಒಂದು ಧೂಳಿನ ಕಣಕ್ಕೆ ಕೈಕೊಡುತ್ತಿತ್ತು. ಆಗ ದನಿಯೆತ್ತಿದವರು ಯಾರು? ಅದರ ಮೇಲೇ ದಿನವಿಡೀ ಬರೆದು ಬದುಕುವವರು, ಹತ್ತಿಪ್ಪತ್ತು ವರ್ಷದಿಂದ ಇನ್ನೊಂದನ್ನು ಮುಟ್ಟದವರು. 2018ರಲ್ಲಿ ಆ್ಯಪಲ್ ಉಚಿತ ರಿಪೇರಿಗೆ ಒಪ್ಪಿತು, 2019ರ ನವೆಂಬರ್‌ನಲ್ಲಿ 16 ಇಂಚಿನ ಮ್ಯಾಕ್‌ಬುಕ್ ಪ್ರೊಗೆ ಹಳೆಯ ಬಗೆಯ ಕೀಲಿಗಳು ಮರಳಿದವು. 2021ರಲ್ಲಿ, ತೆಗೆದುಹಾಕಿದ್ದ ಟಿವಿ ಜೋಡಿಸುವ ಎಚ್‌ಡಿಎಂಐ, ಮೆಮೊರಿ ಕಾರ್ಡ್ ಸ್ಲಾಟ್, ಅಯಸ್ಕಾಂತದಿಂದ ಅಂಟುವ ಮ್ಯಾಗ್‌ಸೇಫ್ ಚಾರ್ಜರ್ ಎಲ್ಲ ಮರಳಿದವು. ಹೊಗಳಿದವರಿಂದ ಇದ್ಯಾವುದೂ ಆಗಲಿಲ್ಲ.

ಇದನ್ನೆಲ್ಲ ಹೇಳಲೇಬೇಕು ಅಂತ ರಾತ್ರಿ ಒಂಬತ್ತಕ್ಕೆ ಭಾವನಿಗೆ ಫೋನ್ ಮಾಡಿದೆ. ಸಿಟ್ಟಿತ್ತು ನನಗೆ. ಹೇಳಿದೆ ಕೂಡ.

ಭಾವ ಪೂರ್ತಿ ಕೇಳಿಸಿಕೊಂಡರು. "ಕೀಬೋರ್ಡ್ ವಿಷಯ ಒಪ್ತೀನಮ್ಮ. ಬೈದವರಿಂದಲೇ ಸರಿಹೋಯ್ತು. ಆದ್ರೆ ಬೈಯೋನು ಒಳಗಿದ್ದು ಬೈಬೇಕಿತ್ತು. ಅವನು ಬಿಟ್ಟು ಹೋದ."

"ಮೆಮೊರಿ ಕೂಡ ಹಾಕ್ಕೊಳ್ಳೋ ಹಾಗಿಲ್ಲ ಅಂದ್ರೆ ಹೇಗೆ ಇರ್ತಾನೆ ಭಾವ?"

"ಆ್ಯಪಲ್‌ನವರದೇ ಎಮ್ 1 ಚಿಪ್ಪಲ್ಲಿ ಮೆಮೊರಿ ಪಕ್ಕದಲ್ಲೇ ಕೂತಿರೋದಕ್ಕೆ ಅದು ಅಷ್ಟು ಚುರುಕು. ಆ ಚಿಪ್ಪಿರೋ 2020ರ ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇಲ್ಲ, ನೋಡಿದೀಯಲ್ಲ? ಎಲ್ಲಾ ಅಂಟೂ ದುರುದ್ದೇಶದ ಅಂಟಲ್ಲ," ಅಂದರು. ಆಮೇಲೆ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಲೈನ್ ಕಟ್ಟಾಯಿತೇನೋ ಅಂದುಕೊಂಡೆ.

"ನನ್ನ ಕಣ್ಣು ಮಂಜಾಗ್ತಿದೆ ಕಣಮ್ಮಾ."

ಎಷ್ಟು ದಿನದಿಂದ ಅಂತ ಕೇಳಿದೆ. ಎರಡು ವರ್ಷದಿಂದ ಅಂದರು. ಅಕ್ಕನಿಗೆ ಗೊತ್ತು. ನನಗೆ, ಅಣ್ಣನಿಗೆ ಹೇಳುವುದು ಬೇಡ ಅಂದಿದ್ದರಂತೆ. ನಡುವಿನಲ್ಲಿ ಅಕ್ಷರ ಕಾಣುವುದಿಲ್ಲ, ಅಂಚಿನಲ್ಲಿ ಕಾಣುತ್ತದೆ. ಅದನ್ನು ಕನ್ನಡಕ ಬದಲಾಯಿಸುವ ವಿಷಯದಷ್ಟು ಸಲೀಸಾಗಿ ಹೇಳಿದರು.

"ಕಮಾಂಡ್ ಹಿಡಿದು ಎಫ್ 5 ಒತ್ತಿದ್ರೆ ಸಾಕು, ಪರದೆಮೇಲಿರೋದನ್ನೆಲ್ಲ ಓದಿ ಹೇಳುತ್ತೆ. ವಾಯ್ಸ್‌ಓವರ್ ಅಂತ, 2005ರಿಂದಲೂ ಅದ್ರೊಳಗೇ ಇದೆ. ಬೇರೇನೂ ಕೊಳ್ಳಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ. ಹೊಸ ಪೆಟ್ಟಿಗೆ ಬಂದ ದಿನ, ಮೊದಲ ಸಲ ಆನ್ ಮಾಡೋದು ಕೂಡ ನಾನೊಬ್ಬನೇ ಮಾಡ್ಕೊಂಡೆ. ಅವನು ಗುಡಿಗೆ ಅಂಟು ಹಾಕಿದಾರೆ ಅಂದ. ನಂಗೆ ಆ ಬಾಗಿಲು ತೆರೆದಿದೆ."

ನನಗೆ ಮಾತು ಹೊರಡಲಿಲ್ಲ. ನಿನ್ನೆ ಆ ಗುಂಪಿನಲ್ಲಿ ಅಣ್ಣ ಬರೆದ ಸಾಲನ್ನು ಭಾವ ಓದಿರಲಿಲ್ಲ. ಒಂದು ಯಂತ್ರದ ದನಿ ಅದನ್ನು ಅವರಿಗೆ ಓದಿ ಹೇಳಿತ್ತು, ಏರಿಳಿತವಿಲ್ಲದೆ. ಅಣ್ಣನ ದನಿಯಲ್ಲಿ ಕೇಳಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲವೇನೋ.

ಹಾಗಂತ ಅಣ್ಣ ಹೇಳಿದ್ದು ಸುಳ್ಳಾಗುವುದಿಲ್ಲ. ಬ್ಯಾಟರಿಯನ್ನು ಅಂಟಿಸದೆಯೂ ವಾಯ್ಸ್‌ಓವರ್ ಕೊಡಬಹುದು. ಒಂದಕ್ಕೊಂದು ಸಂಬಂಧವಿಲ್ಲ. ಇದನ್ನೂ ಭಾವನಿಗೆ ಹೇಳಿದೆ, ಹೇಳಿದ ಮೇಲೆ ಬೇಕಿತ್ತಾ ಅನ್ನಿಸಿತು. ಅವರು "ಹೌದು" ಅಂದರು, ಅಷ್ಟೇ.

ಇದನ್ನು ಇಲ್ಲಿ ಬರೆಯಲಾ ಅಂತ ಅವರನ್ನೇ ಕೇಳಿದೆ. "ಬರಿ. ನೀನು ಬರೆದದ್ದನ್ನು ಅವನು ತಪ್ಪದೆ ಓದ್ತಾನೆ. ನಂಗೆ ಫೋನಲ್ಲಿ ಹೇಳೋಕಾಗಲ್ಲ."

ಅದಕ್ಕೇ ಈ ಹೊತ್ತಿನಲ್ಲಿ ಕೂತಿದ್ದೇನೆ. ಅಣ್ಣಾ, ಫೋನಿಡುವ ಮುಂಚೆ ಭಾವ ಇನ್ನೊಂದು ಕೇಳಿದರು. ಆ ಹಳೇ ಮ್ಯಾಕು, ಆ ಉದ್ದದ ಸ್ಕ್ರೂಡ್ರೈವರು ಇನ್ನೂ ನಿನ್ನ ಹತ್ತಿರ ಇವೆಯಾ ಅಂತ. ಸಹಿಗಳು ಅಚ್ಚಿನಲ್ಲೇ ಮೂಡಿರುವುದರಿಂದ ಬೆರಳಿಗೆ ತಾಕುತ್ತವಲ್ಲ, ನಾನು ಎಂಟನೇ ಕ್ಲಾಸಿನಲ್ಲಿ ಮುಟ್ಟಿ ನೋಡಿದ್ದೆ. ಭಾನುವಾರ ನಾನು ಅವರನ್ನು ಕರೆದುಕೊಂಡು ಬರುತ್ತೇನೆ, ನೀನು ಬಿಚ್ಚಿಟ್ಟಿರು, ಟ್ಯೂಬಿನ ಹತ್ತಿರ ಮಾತ್ರ ಅವರ ಕೈ ಹೋಗದ ಹಾಗೆ ನೋಡಿಕೋ.