ಫೈನಲ್ ಫ್ಯಾಂಟಸಿ 8 ಈಗಲೂ ಆಡಬಹುದಾ?

"ಅಣ್ಣ, ಅಷ್ಟು ಹಳೇ ಗೇಮ್ ಈಗ ಶುರು ಮಾಡಿದ್ರೆ ಬೋರ್ ಆಗಲ್ವಾ?"

ದಾವಣಗೆರೆಯಲ್ಲಿ ಗೇಮ್ ಆಡುವ ಹುಡುಗರು ಎಲ್ಲೇ ಸಿಗಲಿ, ವಿದ್ಯಾನಗರದ ಟೀ ಅಂಗಡಿಯಾಗಲಿ, ಗುಂಡಿ ಸರ್ಕಲ್ ಹತ್ತಿರದ ಮಂಡಕ್ಕಿ ಗಾಡಿಯಾಗಲಿ, ಈ ಮಾತು ಬಂದೇ ಬರುತ್ತದೆ. ಅವರು ಕೇಳುವುದು ಫೈನಲ್ ಫ್ಯಾಂಟಸಿ 8 ಬಗ್ಗೆ. ಜಪಾನಿನ ಸ್ಕ್ವೇರ್ ಕಂಪನಿ 1999ರಲ್ಲಿ ಮೊದಲ ಪ್ಲೇಸ್ಟೇಷನ್‌ಗೆ ತಂದ, ನಾಲ್ಕು ಡಿಸ್ಕ್‌ಗಳ ಆಟ ಅದು. ನನ್ನ ಉತ್ತರ ಯಾವಾಗಲೂ ಒಂದೇ: ಖಂಡಿತ ಆಡಿ. ಆದರೆ ಬೇರೆ ಆರ್‌ಪಿಜಿ (ಕಥೆಯ ಪಾತ್ರಗಳನ್ನು ಬೆಳೆಸುತ್ತಾ ಆಡುವ ಆಟ) ಆಡಿದ ಹಾಗೆ ಆಡಬೇಡಿ.

ಬೇರೆ ಆಟಗಳಲ್ಲಿ ಹೊಡೆದಾಡಿದಷ್ಟೂ ಲೆವೆಲ್ ಏರುತ್ತದೆ, ಬಲ ಬರುತ್ತದೆ. ಇಲ್ಲಿ ನಿಮ್ಮ ಲೆವೆಲ್ ಏರಿದರೆ ಎದುರಾಳಿಯ ಲೆವೆಲ್ಲೂ ಜೊತೆಗೇ ಏರುತ್ತದೆ. ಹಗಲೂ ರಾತ್ರಿ ಹೊಡೆದಾಡಿ ಪ್ರಯೋಜನವಿಲ್ಲ. ನಿಜವಾದ ಬಲ ಬರುವುದು ಜಂಕ್ಷನ್‌ನಿಂದ, ಅಂದರೆ ಮ್ಯಾಜಿಕ್ಕನ್ನು ಪಾತ್ರದ ಶಕ್ತಿಗೆ ಜೋಡಿಸುವುದರಿಂದ. ಒಂದೊಂದು ಮ್ಯಾಜಿಕ್ಕನ್ನೂ ಒಬ್ಬೊಬ್ಬರು 100ರವರೆಗೆ ಕೂಡಿಡಬಹುದು. ಅದನ್ನು ಎಚ್‌ಪಿಗೋ (ಜೀವದ ಅಂಕಿ) ಸ್ಟ್ರೆಂಗ್ತ್‌ಗೋ (ಹೊಡೆತದ ಬಲ) ಜೋಡಿಸಿದರೆ ಆ ಅಂಕಿ ಏರುತ್ತದೆ. ಹೆಚ್ಚು ಕೂಡಿಟ್ಟಷ್ಟೂ ಹೆಚ್ಚು ಬಲ.

ಇಷ್ಟು ಒಳ್ಳೆಯ ಯೋಚನೆಯನ್ನು ಆಟವೇ ಎರಡು ಕಡೆ ಕೆಡಿಸುತ್ತದೆ. ಎಚ್‌ಪಿಗೆ ಜೋಡಿಸಿದ ಕ್ಯೂರ್ ಎಂಬ ಗುಣಪಡಿಸುವ ಮ್ಯಾಜಿಕ್ ಬಳಸಿದರೆ ಎಚ್‌ಪಿಯೇ ಇಳಿಯುತ್ತದೆ. ಹಾಗಾಗಿ ಕೂಡಿಟ್ಟ ಮ್ಯಾಜಿಕ್ ಬಳಸಲು ಕೈಯೇ ಬರುವುದಿಲ್ಲ. ಇನ್ನೊಂದು, ಡ್ರಾ. ಎದುರಾಳಿಯಿಂದ ಮ್ಯಾಜಿಕ್ ಎಳೆದುಕೊಳ್ಳುವ ಕೆಲಸ ಇದು. ಒಂದು ಸಲಕ್ಕೆ ಸಿಗುವುದು ಹೆಚ್ಚೆಂದರೆ 9. ತಂಡದ ಮೂವರಿಗೂ ನೂರು ನೂರು ತುಂಬಿಸಬೇಕು ಅಂತ ಕೂತರೆ, ಒಂದೇ ಪ್ರಾಣಿಯ ಮುಂದೆ ಸಂಜೆ ಪೂರ್ತಿ ಹೋಗುತ್ತದೆ. ಈ ಆಟ ಬಿಟ್ಟವರಲ್ಲಿ ಬಹಳ ಜನ ಬಿಟ್ಟಿದ್ದು ಇಲ್ಲೇ ಅಂತ ನನ್ನ ನಂಬಿಕೆ.

ಆದರೆ ಹಾಗೆ ಕೂರಬೇಕಾದ ಅಗತ್ಯವೇ ಇಲ್ಲ! ಆಟ ಶುರುವಾಗುವ ಬಾಲಂಬ್ ದ್ವೀಪದ ಕಡಲ ತೀರದಲ್ಲಿ ಒಂದು ಮೀನು ಬರುತ್ತದೆ. ಅದನ್ನು ಹೊಡೆದರೆ ಫಿಶ್ ಫಿನ್ ಸಿಗುತ್ತದೆ. ಶೀವಾ ಅಂದರೆ ಹೊಡೆದಾಟಕ್ಕೆ ಕರೆಯಬಹುದಾದ ಮಾಂತ್ರಿಕ ಜೀವಿಗಳಲ್ಲಿ (ಗಾರ್ಡಿಯನ್ ಫೋರ್ಸ್) ಒಂದು. ಅದಕ್ಕೆ ಸಾಮಾನನ್ನು ಮ್ಯಾಜಿಕ್ ಮಾಡುವ ಐಸ್ ಮ್ಯಾಜಿಕ್ ರಿಫೈನ್ ಕಲಿಸಿ, ಮೆನುಗೆ ಹೋಗಿ. ಒಂದು ಫಿಶ್ ಫಿನ್‌ಗೆ 20 ವಾಟರ್ ಮ್ಯಾಜಿಕ್. ಐದು ಇದ್ದರೆ ಒಬ್ಬರಿಗೆ ನೂರು ತುಂಬಿತು. ಇದೆಲ್ಲ ಆಟದ ಮೊದಲ ಗಂಟೆಗಳಲ್ಲೇ ಸಾಧ್ಯ. ಹುಡುಕಿದವನಿಗೆ ಈ ಆಟ ಇಷ್ಟು ಧಾರಾಳ. ಸುಮ್ನೆ ಗುಂಡಿ ಒತ್ತುವವನಿಗೆ ಮಾತ್ರ ಏನೂ ಕೊಡುವುದಿಲ್ಲ.

ಇನ್ನು ಕಾರ್ಡ್ ಆಟ, ಟ್ರಿಪಲ್ ಟ್ರಯಾಡ್. ಮೂರು ಸಾಲು, ಸಾಲಿಗೆ ಮೂರು ಮನೆ. ಕೈಯಲ್ಲಿ ಐದು ಕಾರ್ಡ್. ಪ್ರತಿ ಕಾರ್ಡಿನ ನಾಲ್ಕು ಬದಿಗೂ ಒಂದೊಂದು ಅಂಕಿ. ನಿಮ್ಮ ಅಂಕಿ ದೊಡ್ಡದಿದ್ದರೆ ಪಕ್ಕದ ಕಾರ್ಡ್ ನಿಮ್ಮದು. ನನ್ನ ಅಕ್ಕನ ಮಗ ಹರಿಹರದಿಂದ ರಜೆಗೆ ಬಂದಿದ್ದ. ಅವನಿಗೆ ಕಥೆಯ ಇಂಗ್ಲಿಷ್ ಪೂರ್ತಿ ಹತ್ತುತ್ತಿರಲಿಲ್ಲ, ಆದರೆ ಕಾರ್ಡ್ ಆಟ ನೋಡ್ತಾ ನೋಡ್ತಾ ಕಲಿತುಬಿಟ್ಟ. "ಮಾಮ, ಇನ್ನೊಂದೇ ಆಟ, ಆಮೇಲೆ ಕಥೆ" ಅಂತಲೇ ಇಡೀ ಮಧ್ಯಾಹ್ನ ಕಳೆದ. ಗೆದ್ದ ಕಾರ್ಡನ್ನು ಸಾಮಾನಾಗಿ, ಸಾಮಾನನ್ನು ಮ್ಯಾಜಿಕ್ಕಾಗಿ ಬದಲಾಯಿಸಬಹುದು ಅಂತ ಗೊತ್ತಾದಾಗ ಅವನ ಕಣ್ಣು ಅರಳಿದ್ದನ್ನು ನೋಡಬೇಕಿತ್ತು. ಒಂದು ಎಚ್ಚರಿಕೆ: ಆಟದೊಳಗಿನ ಡಾಲೆಟ್ ಊರಿನ ಕಡೆಯ ರ್ಯಾಂಡಮ್ ನಿಯಮ ಬೇರೆ ಊರುಗಳಿಗೆ ಹರಡಲು ಬಿಡಬೇಡಿ. ಹರಡಿದರೆ ನಿಮ್ಮ ಐದು ಕಾರ್ಡ್ ಆರಿಸುವ ಹಕ್ಕೇ ನಿಮಗಿರುವುದಿಲ್ಲ.

ಕಾಡುವ ವಿಷಯ ಇನ್ನೂ ಇವೆ. ಗಾರ್ಡಿಯನ್ ಫೋರ್ಸ್ ಕರೆದರೆ ಅದರ ದೃಶ್ಯ ಪೂರ್ತಿ ನೋಡಲೇಬೇಕು, ತಪ್ಪಿಸುವ ಹಾಗಿಲ್ಲ. ಅವುಗಳಲ್ಲೊಂದಾದ ಈಡನ್ ದೃಶ್ಯವಂತೂ ಒಂದು ನಿಮಿಷಕ್ಕಿಂತ ಜಾಸ್ತಿ. ಊರು, ಕೋಟೆಗಳ ಒಳಗೆ ಸೇವ್ ಪಾಯಿಂಟ್ ಸಿಗುವವರೆಗೆ ಸೇವ್ ಇಲ್ಲ. ನಮ್ಮ ಬೇಸಿಗೆಯಲ್ಲಿ ಅಷ್ಟರೊಳಗೆ ಕರೆಂಟ್ ಹೋದರೆ ಆಡಿದ್ದೆಲ್ಲ ಹೋಯಿತು.

ಕಥೆಯಲ್ಲೂ ಒಂದು ಎಡವಟ್ಟಿದೆ. ಎರಡನೇ ಡಿಸ್ಕಿನಲ್ಲಿ, ಟ್ರೇಬಿಯಾ ಎಂಬ ಶಾಲೆಯ ಬಾಸ್ಕೆಟ್‌ಬಾಲ್ ಕೋರ್ಟ್‌ನಲ್ಲಿ, ತಂಡದ ಬಹುತೇಕರ ಬಾಲ್ಯದ ಗುಟ್ಟು ಹೊರಬರುತ್ತದೆ. ಅಷ್ಟು ದೊಡ್ಡ ಗುಟ್ಟಿಗೆ ಮುಂಚಿನಿಂದಲೂ ಇನ್ನಷ್ಟು ಸುಳಿವು ಬೇಕಿತ್ತು. ಆದರೂ ಈ ಆಟದ ಸ್ಕ್ವಾಲ್‌ನಂಥ ನಾಯಕ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಬಾಯಲ್ಲಿ ಒಂದು ಮಾತು, ಮನಸ್ಸಲ್ಲಿ ಹತ್ತು. ಆ ಹತ್ತೂ ಪರದೆ ಮೇಲೆ ನಮಗೆ ಕಾಣುತ್ತವೆ, ಜೊತೆಯಲ್ಲಿರುವವರಿಗೆ ಗೊತ್ತಾಗುವುದಿಲ್ಲ. ಹದಿನೇಳರ ಹುಡುಗನೊಬ್ಬನ ಅಂಜಿಕೆಯನ್ನು ಇಷ್ಟು ಹತ್ತಿರದಿಂದ ತೋರಿಸಿದ್ದಕ್ಕೇ ನಾನು ಈ ಆಟಕ್ಕೆ ಮತ್ತೆ ಮತ್ತೆ ಹೋಗುವುದು. ನೋಬುವೊ ಉಎಮಾತ್ಸು ಅವರ ಸಂಗೀತದ ಬಗ್ಗೆ ಬೇರೆಯೇ ಬರೆಯಬೇಕು.

ಯಾವುದನ್ನು ಆಡಲಿ ಅಂತ ಕೇಳುವವರಿಗೆ: 2019ರಲ್ಲಿ ಹೊಸದಾಗಿ ತಿದ್ದಿ ತಂದ ರೀಮಾಸ್ಟರ್ಡ್ ಆವೃತ್ತಿ ಸಾಕು. ಅದರಲ್ಲಿ ಆಟವನ್ನು ಮೂರು ಪಟ್ಟು ವೇಗದಲ್ಲಿ ಓಡಿಸಬಹುದು, ಆ ಉದ್ದ ದೃಶ್ಯಗಳ ಕಾಟ ಅಷ್ಟರಮಟ್ಟಿಗೆ ಕಡಿಮೆ. ಆಟದ ಶುರುವಿನಲ್ಲಿ ಸ್ಕ್ವಾಲ್‌ನ ಶಾಲೆಯ ಕ್ಲಾಸಿಂದ ಹೊರಗೆ ಬಂದ ಮೇಲೆ ನೇರವಾಗಿ ಕೆಳಗೆ ಇಳಿಯಬೇಡಿ. ಎರಡನೇ ಮಹಡಿಯಲ್ಲಿ ಲಿಫ್ಟ್ ಕಡೆ ಹೋಗುವ ದಾರಿಯಲ್ಲಿ ಒಬ್ಬ ನಿಂತಿರುತ್ತಾನೆ. ಅವನನ್ನು ಮಾತಾಡಿಸಿ, ಮೊದಲ ಕಾರ್ಡ್‌ಗಳು ಅವನ ಹತ್ತಿರ ಇವೆ.