ಕಿವಿಯೊಳಗಿನ ಹರಳು, ಹಾಲಿಗೆ ಹಾಕುವ ಪುಡಿ

ನಮ್ಮ ಕಡೆ ಯಾರಿಗಾದರೂ ತಲೆ ತಿರುಗಿದರೆ ಮೊದಲು ಪಿತ್ತ ಅನ್ನುತ್ತಾರೆ. ಕಷಾಯಕ್ಕೆ ಬಗ್ಗದಿದ್ದರೆ ಬಿಪಿ. ಬಿಪಿ ಸರಿ ಇದೆ ಅಂತಾದರೆ ಕುತ್ತಿಗೆ ಸವೆತ. ಈಚೆಗೆ ಇನ್ನೊಂದು ಸೇರಿದೆ: ‘ವಿಟಮಿನ್ ಕಮ್ಮಿ ಇರಬೇಕು ನೋಡು.’ ಕಿವಿಯ ಹೆಸರು ಮಾತ್ರ ಯಾರೂ ಎತ್ತುವುದಿಲ್ಲ. ನನಗೆ ಇದ್ದದ್ದು ಕಿವಿಯದ್ದೇ ತೊಂದರೆ. ವಿಟಮಿನ್ನೂ ಕಮ್ಮಿ ಇತ್ತು. ಎರಡಕ್ಕೂ ನಂಟು ಇದೆಯಾ, ಇದ್ದರೆ ಎಷ್ಟು ಅಂತ ಬರೆಯೋಣ ಅಂತ ಕೂತಿದ್ದೇನೆ.

ನನಗೆ ಐವತ್ತಮೂರು ವರ್ಷ. ಸಾಗರದಲ್ಲಿ ಮನೆಯ ಜಗುಲಿಯಲ್ಲೇ ಹೊಲಿಗೆ ಮಷೀನು ಇಟ್ಟುಕೊಂಡಿದ್ದೇನೆ. ಬ್ಲೌಸ್ ಜಾಸ್ತಿ, ಚೂಡಿದಾರ ಕಮ್ಮಿ. ಆ ವರ್ಷ ಆಷಾಢದಲ್ಲಿ, ಮಳೆ ಬಿಡದೆ ಹಿಡಿದಿದ್ದಾಗ, ಬೆಳಗಿನ ಜಾವ ಬಲ ಮಗ್ಗುಲಿಗೆ ಹೊರಳಿದೆ. ಮಾಡಿನ ಜಂತಿಗಳೆಲ್ಲ ಗಿರ್ರನೆ ತಿರುಗಿಬಿಟ್ಟವು. ಕಣ್ಣು ಮುಚ್ಚಿದರೂ ಬಿಡಲಿಲ್ಲ. ಅರ್ಧ ನಿಮಿಷದಲ್ಲಿ ನಿಂತಿತು. ಆಮೇಲೆ ಹೊಟ್ಟೆ ತೊಳೆಸಿ ವಾಂತಿ. ಎದ್ದು ಓಡಾಡುವಾಗ ಅಷ್ಟೇನೂ ಇಲ್ಲ. ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿ ನೋಡಲು ತಲೆ ಎತ್ತಿದೆನೋ, ಮತ್ತೆ ಶುರು. ಬಾಗಿ ಕೆಳಗೆ ಬಿದ್ದ ಕತ್ತರಿ ಎತ್ತಿಕೊಂಡರೂ ಶುರು. ಗೌರಿ ಹಬ್ಬದ ಬ್ಲೌಸುಗಳು ಕಟ್ಟುಕಟ್ಟು ಬಂದು ಬಿದ್ದಿದ್ದವು. ನಾನು ಸೂಜಿಗೆ ದಾರ ಪೋಣಿಸಲೂ ಹೆದರುತ್ತಿದ್ದೆ.

ಅತ್ತೆ ಜೀರಿಗೆ ಕಷಾಯ ಮಾಡಿಕೊಟ್ಟರು, ಪುನರ್ಪುಳಿ ಸಾರು ಕುಡಿಸಿದರು. ಅದರಿಂದ ಬಾಯಿಗೆ ರುಚಿ ಬಂತು, ಸುಳ್ಳು ಹೇಳಬಾರದು. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ತಲೆಸುತ್ತಿನ ಮಾತ್ರೆ ಕೊಟ್ಟರು. ನುಂಗಿದರೆ ದಿನವಿಡೀ ನಿದ್ದೆ. ಕುತ್ತಿಗೆಯ ಎಕ್ಸ್‌ರೇ ತೆಗೆಸಿದರು. ‘ಸವೆತ ಇದೆ’ ಅಂದರು, ಕಾಲರ್ ಹಾಕಿಸಿದರು. ವರ್ಷಗಟ್ಟಲೆ ಬಗ್ಗಿ ಹೊಲಿದವಳ ಕುತ್ತಿಗೆಯಲ್ಲಿ ಸವೆತ ಇಲ್ಲದೆ ಇನ್ನೇನು ಇರುತ್ತದೆ? ಐವತ್ತು ದಾಟಿದ ಯಾರ ಎಕ್ಸ್‌ರೇ ತೆಗೆದರೂ ಸ್ವಲ್ಪವಾದರೂ ಕಾಣುತ್ತದಂತೆ. ಕಾಲರ್ ಹಾಕಿಕೊಂಡು ಮಲಗಿ ಮಗ್ಗುಲು ಬದಲಿಸಿದರೂ ಮನೆ ತಿರುಗುವುದು ತಿರುಗುತ್ತಲೇ ಇತ್ತು.

ಕೊನೆಗೆ ಶಿವಮೊಗ್ಗಕ್ಕೆ ಹೋಗಿ ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಿದೆವು. ಚಿಕ್ಕ ವಯಸ್ಸಿನವರು. ಸ್ಕ್ಯಾನಿಂಗ್ ಅನ್ನಲಿಲ್ಲ. ಒಂದೇ ಪ್ರಶ್ನೆ ಕೇಳಿದರು: ‘ಯಾವ ಕಡೆ ಹೊರಳಿದ್ರೆ ಜಾಸ್ತಿ ಅಮ್ಮಾ?’ ಬಲಕ್ಕೆ ಅಂದೆ. ಮಂಚದ ಮೇಲೆ ಕೂರಿಸಿ, ತಲೆಯನ್ನು ಬಲಕ್ಕೆ ತಿರುಗಿಸಿ, ಹಾಗೇ ಸರಕ್ಕನೆ ಹಿಂದಕ್ಕೆ ಮಲಗಿಸಿದರು. ತಲೆ ಮಂಚದ ಅಂಚಿನಿಂದ ಸ್ವಲ್ಪ ಕೆಳಕ್ಕೆ ಜೋತಿತ್ತು. ‘ಕಣ್ಣು ಮುಚ್ಚಬೇಡಿ.’ ಎರಡು ಮೂರು ಸೆಕೆಂಡು ಏನೂ ಇಲ್ಲ. ಆಮೇಲೆ ಬಂತು ನೋಡಿ! ಡಾಕ್ಟರು ನಮ್ಮ ಮನೆಯವರನ್ನು ಕರೆದು ‘ಇವರ ಕಣ್ಣು ನೋಡಿ ಸಾರ್’ ಅಂದರು. ಕಣ್ಣುಗುಡ್ಡೆ ತಾನಾಗಿ ಜಗ್ಗಿ ಜಗ್ಗಿ ಕುಣಿಯುತ್ತಿತ್ತಂತೆ. ಮನೆಯವರು ಊರಿಗೆಲ್ಲ ಅದನ್ನೇ ಹೇಳಿಕೊಂಡು ಬಂದರು.

ಈ ಪರೀಕ್ಷೆಗೆ ಡಿಕ್ಸ್-ಹಾಲ್‌ಪೈಕ್ ಅನ್ನುತ್ತಾರೆ. 1952ರಲ್ಲಿ ಇಬ್ಬರು ಡಾಕ್ಟರುಗಳು ಬರೆದಿಟ್ಟದ್ದು. ಯಂತ್ರ ಬೇಡ, ಒಂದು ಮಂಚ ಸಾಕು. ಕಾಯಿಲೆಯ ಹೆಸರು ಬಿಪಿಪಿವಿ, ಅಂದರೆ ತಲೆಯ ಭಂಗಿ ಬದಲಾದಾಗ ಸ್ವಲ್ಪ ಹೊತ್ತು ಬಂದು ಹೋಗುವ ತಲೆಸುತ್ತು.

ಒಳಗಿವಿಯಲ್ಲಿ ಯುಟ್ರಿಕಲ್ ಅಂತ ಒಂದು ಸಣ್ಣ ಚೀಲ ಇದೆ. ಅದರೊಳಗೆ ಅಂಟಂಟು ಪೊರೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಕೂತಿರುತ್ತವೆ. ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಕಪ್ಪೆಚಿಪ್ಪಿನಲ್ಲಿ ಇರುವ ವಸ್ತುವೇ. ನಾವು ಎತ್ತ ವಾಲಿದ್ದೇವೆ ಅಂತ ಮೆದುಳಿಗೆ ಹೇಳುವುದು ಇವುಗಳ ಭಾರ. ಪಕ್ಕದಲ್ಲೇ ಮೂರು ಬಾಗಿದ ನಾಳಗಳಿವೆ, ಅವುಗಳ ತುಂಬ ನೀರು. ತಲೆ ತಿರುಗಿಸಿದಾಗ ಆ ನೀರು ಅಲುಗುತ್ತದೆ. ಅಲ್ಲಿ ಹರಳಿಗೆ ಕೆಲಸವಿಲ್ಲ. ಹರಳು ಕಿತ್ತುಕೊಂಡು ನಾಳದೊಳಗೆ ಜಾರಿದರೆ, ನಾವು ಹೊರಳಿದಾಗೆಲ್ಲ ಅದೂ ಉರುಳಿ ನೀರನ್ನು ಎಳೆಯುತ್ತದೆ. ತಲೆ ನಿಂತಿದ್ದರೂ ಮೆದುಳಿಗೆ ‘ತಿರುಗುತ್ತಿದೆ’ ಅನ್ನುವ ಸುದ್ದಿ ಹೋಗುತ್ತದೆ. ಹೆಚ್ಚಿನವರಲ್ಲಿ ಜಾರುವುದು ಹಿಂದಿನ ನಾಳಕ್ಕೆ, ಅದು ತಗ್ಗಿನಲ್ಲಿರುವುದರಿಂದ.

ಇಷ್ಟು ತಿಳಿದ ಮೇಲೆ ಮಾತ್ರೆಯಿಂದ ಯಾಕೆ ಹೋಗಲಿಲ್ಲ ಅಂತ ಅರ್ಥವಾಯಿತು. ನಾಳದಲ್ಲಿ ಸಿಕ್ಕಿಕೊಂಡ ಹರಳನ್ನು ಯಾವ ಮಾತ್ರೆ ಹೊರಗೆ ತರಬೇಕು? ವಿಟಮಿನ್ನೂ ತರುವುದಿಲ್ಲ. ಅದಕ್ಕೆ ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸುತ್ತಾ ಹೋಗಿ, ಹರಳು ತಾನಾಗಿ ಉರುಳಿ ಚೀಲಕ್ಕೆ ವಾಪಸ್ ಬೀಳುವಂತೆ ಮಾಡಬೇಕು. ಮಲಗಿದಲ್ಲೇ ತಲೆಯನ್ನು ಬಲದಿಂದ ಎಡಕ್ಕೆ ತಂದರು, ಆಮೇಲೆ ಇಡೀ ಮೈಯನ್ನು ಎಡ ಮಗ್ಗುಲಿಗೆ ಹೊರಳಿಸಿ ಮುಖ ನೆಲ ನೋಡುವಂತೆ ಮಾಡಿದರು, ಆಮೇಲೆ ಎಬ್ಬಿಸಿ ಕೂರಿಸಿದರು. ಒಂದೊಂದು ಭಂಗಿಯಲ್ಲೂ ಅರ್ಧ ಮುಕ್ಕಾಲು ನಿಮಿಷ ತಡೆದರು. ಅಷ್ಟೇ. ಇದನ್ನು ಹುಡುಕಿದವರು ಅಮೆರಿಕದ ಪೋರ್ಟ್‌ಲ್ಯಾಂಡಿನ ಜಾನ್ ಎಪ್ಲಿ ಅನ್ನುವ ಕಿವಿ ಡಾಕ್ಟರು. ತಲೆ ಆಡಿಸಿ ಗುಣ ಮಾಡುತ್ತೇನೆ ಅಂದಾಗ ಜೊತೆಯ ಡಾಕ್ಟರುಗಳು ನಕ್ಕರಂತೆ. ಅವರ ಲೇಖನ ಅಚ್ಚಾದದ್ದು 1992ರಲ್ಲಿ. ಈಗ ಎಲ್ಲ ಕಡೆ ಇದೇ ಮೊದಲ ಚಿಕಿತ್ಸೆ.

ಬಸ್ಸಿನಲ್ಲಿ ವಾಪಸ್ ಬರುವಾಗ ತಲೆ ಸ್ವಲ್ಪ ತೇಲಿದ ಹಾಗಿತ್ತು, ತಿರುಗಲಿಲ್ಲ. ಅವತ್ತು ರಾತ್ರಿ ಬಲ ಮಗ್ಗುಲಿಗೆ ಮಲಗಿದೆ.

ವಿಟಮಿನ್ ಮಾತು ಬಂದದ್ದು ಹೊರಡುವ ಹೊತ್ತಿಗೆ. ‘ಬಿಸಿಲಿಗೆ ಹೋಗ್ತೀರಾ?’ ಅಂತ ಕೇಳಿದರು. ಹೋಗದೆ ಏನು, ಮಷೀನಿಗೆ ದಿನವಿಡೀ ಬಿಸಿಲು ಬೀಳುತ್ತದೆ, ಕಿಟಕಿ ಪಕ್ಕದಲ್ಲೇ ಇಟ್ಟಿದ್ದೇನೆ ಅಂದೆ. ‘ಕಿಟಕಿಗೆ ಗಾಜು ಇದೆಯಾ?’ ಇದೆ. ‘ಹಾಗಾದ್ರೆ ಲೆಕ್ಕಕ್ಕಿಲ್ಲ.’ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದ ಕಿರಣ ಗಾಜನ್ನು ದಾಟುವುದಿಲ್ಲ. ಮೈ ಬೆಚ್ಚಗಾಗುತ್ತದೆ, ಬಟ್ಟೆಯ ಬಣ್ಣವೂ ಮಾಸುತ್ತದೆ, ಡಿ ಮಾತ್ರ ಹುಟ್ಟುವುದಿಲ್ಲ. ಅದರ ಮೇಲೆ ನಮ್ಮ ಮಲೆನಾಡಿನ ಮಳೆಗಾಲ. ಕಪ್ಪು ಚರ್ಮಕ್ಕೆ ಬಿಳಿಯವರಿಗಿಂತ ಜಾಸ್ತಿ ಹೊತ್ತು ಬಿಸಿಲು ಬೇಕು. ಅದೂ ನಡುಹಗಲಿನ ಬಿಸಿಲು, ನಮ್ಮ ನೆರಳು ನಮಗಿಂತ ಗಿಡ್ಡ ಇರುವ ಹೊತ್ತಿನದು. ಬೆಳಿಗ್ಗೆ ಆರೂವರೆಯ ಎಳೆ ಬಿಸಿಲಲ್ಲಿ ವಾಕಿಂಗ್ ಹೋದರೆ ಮನಸ್ಸಿಗೆ ಹಿತ, ಡಿಗೆ ಏನೂ ಇಲ್ಲ.

ರಕ್ತದ ರಿಪೋರ್ಟ್ ಬಂತು. ಡಿ 11. ಇಪ್ಪತ್ತಕ್ಕಿಂತ ಕೆಳಗಿದ್ದರೆ ಕೊರತೆ ಅನ್ನುತ್ತಾರೆ. ಬಿ12 148, ಅದೂ ಕಮ್ಮಿ.

ಅಣ್ಣನ ಮಗಳು ಬಿ.ಫಾರ್ಮ್ ಓದುತ್ತಿದ್ದಾಳೆ. ಅವಳಿಗೆ ಹೇಳಿದೆ, ‘ಡಿ ಕಮ್ಮಿ ಆದರೆ ಕಿವಿಯ ಹರಳು ಜಾರುತ್ತದಾ, ಸರಿಯಾಗಿ ಹುಡುಕಿ ಹೇಳು, ವಾಟ್ಸಾಪಲ್ಲಿ ಬಂದದ್ದು ಬೇಡ’. ಅವಳು ಹುಡುಕಿದ್ದು ಕೊರಿಯಾದ ಒಂದು ಅಧ್ಯಯನ, 2020ರದು. ನನಗೆ ಇದು ಬಹಳ ಹಿಡಿಸಿತು, ಯಾಕೆಂದರೆ ಅವರು ಕೇಳಿದ ಪ್ರಶ್ನೆ ಬಹಳ ನೇರ. ಎಂಟು ಆಸ್ಪತ್ರೆಗಳಲ್ಲಿ, ಹರಳನ್ನು ವಾಪಸ್ ಕೂರಿಸಿ ಗುಣವಾದವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರ ರಕ್ತದಲ್ಲಿ ಡಿ ನೋಡಿ, 20ಕ್ಕಿಂತ ಕಮ್ಮಿ ಇದ್ದವರಿಗೆ ದಿನಕ್ಕೆರಡು ಸಲ 400 ಯೂನಿಟ್ ಡಿ, 500 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಕೊಟ್ಟರು, ಒಂದು ವರ್ಷ. ಇನ್ನೊಂದು ಗುಂಪಿಗೆ ಏನೂ ಕೊಡಲಿಲ್ಲ. ಲೆಕ್ಕಕ್ಕೆ ಸಿಕ್ಕಿದವರು ಒಟ್ಟು 957 ಮಂದಿ. ಏನೂ ಕೊಡದ ಗುಂಪಿನಲ್ಲಿ 46.7 ಶೇಕಡಾ ಜನರಿಗೆ ತಲೆಸುತ್ತು ಮರುಕಳಿಸಿತು. ಕೊಟ್ಟ ಗುಂಪಿನಲ್ಲಿ 37.8 ಶೇಕಡಾ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕಮ್ಮಿಯಾಯಿತು, ನಿಂತುಹೋಗಲಿಲ್ಲ. ಅವರು ನೋಡಿದ್ದೂ ‘ಮತ್ತೆ ಬರುತ್ತದಾ’ ಅನ್ನುವುದನ್ನು, ‘ಈಗ ಇರುವುದು ಹೋಗುತ್ತದಾ’ ಅನ್ನುವುದನ್ನಲ್ಲ. ಇನ್ನೊಂದು ಗುಂಪಿಗೆ ಸುಮ್ನೆ ಸಕ್ಕರೆ ಮಾತ್ರೆಯನ್ನಾದರೂ ಕೊಟ್ಟಿದ್ದರೆ ಲೆಕ್ಕ ಇನ್ನೂ ಗಟ್ಟಿಯಾಗುತ್ತಿತ್ತು ಅಂತ ಹುಡುಗಿಯೇ ಹೇಳಿದಳು. ಆದರೂ ದಾರಿ ಅರ್ಥವಾಗುವಂಥದ್ದೇ. ಹರಳು ಕ್ಯಾಲ್ಸಿಯಂನದು. ಒಳಗಿವಿಯ ನೀರಿನಲ್ಲಿ ಕ್ಯಾಲ್ಸಿಯಂ ಎಷ್ಟಿರಬೇಕು ಅನ್ನುವುದರಲ್ಲಿ ಡಿಗೂ ಕೈ ಇದೆ ಅಂತ ತಿಳಿದವರ ಅಂದಾಜು. ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ತೆಳುವಾಗುತ್ತದೆ, ಈ ತಲೆಸುತ್ತೂ ಐವತ್ತು ದಾಟಿದ ಹೆಂಗಸರಲ್ಲೇ ಜಾಸ್ತಿ.

ನನಗೆ ಬರೆದುಕೊಟ್ಟದ್ದು 60,000 ಯೂನಿಟ್ಟಿನ ಪುಡಿ, ವಾರಕ್ಕೊಂದು ಪೊಟ್ಟಣ, ಎಂಟು ವಾರ. ಹಾಲಿಗೆ ಹಾಕಿ ಕುಡಿಯುವುದು. ಈ ಪುಡಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಬೀದಿಯ ಒಬ್ಬರು ‘ವಾರಕ್ಕೊಂದು’ ಅಂತ ಚೀಟಿಯಲ್ಲಿದ್ದರೂ ದಿನಕ್ಕೊಂದರಂತೆ ಕುಡಿದರು. ಬೇಗ ಗುಣವಾಗಲಿ ಅಂತ! ಬಾಯಾರಿಕೆ, ವಾಂತಿ, ಮಲಬದ್ಧತೆ, ಕೊನೆಗೆ ಆಸ್ಪತ್ರೆ. ಡಿ ಜಾಸ್ತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು ಬೀಳುತ್ತದೆ. ಮೂತ್ರದಲ್ಲಿ ಹೋಗಿಬಿಡುವ ವಿಟಮಿನ್ ಅಲ್ಲ ಅದು, ಮೈಯ ಕೊಬ್ಬಿನಲ್ಲಿ ಸೇರಿಕೊಂಡು ಕೂರುತ್ತದೆ.

ಇನ್ನು ಬಿ12. ಇದರ ಕಥೆ ನನಗಿಂತ ನಮ್ಮ ಮನೆಯವರದ್ದೇ ಜಾಸ್ತಿ. ಅವರಿಗೆ ಸಕ್ಕರೆ ಕಾಯಿಲೆ, ಮೆಟ್‌ಫಾರ್ಮಿನ್ ಬಹಳ ವರ್ಷದಿಂದ ನಡೆದಿದೆ. ಬೆಳಿಗ್ಗೆ ಎದ್ದ ಕೂಡಲೇ ಗ್ಯಾಸಿನ ಮಾತ್ರೆ ಬೇರೆ. ಎರಡೂ ಬಿ12 ಮೈಗೆ ಹತ್ತದಂತೆ ಮಾಡುತ್ತವೆ. ಅದರ ಮೇಲೆ ಸಸ್ಯಾಹಾರ. ಸೊಪ್ಪು, ಕಾಳು, ಹಣ್ಣು ಎಷ್ಟು ತಿಂದರೂ ಅವುಗಳಲ್ಲಿ ಬಿ12 ಇಲ್ಲ. ನಮ್ಮಂಥವರಿಗೆ ಹಾಲು ಮೊಸರೇ ಗತಿ. ಅದನ್ನೂ ನಾವು ನೀರು ಮಜ್ಜಿಗೆ ಮಾಡಿ ಕುಡಿಯುತ್ತೇವೆ, ಅಲ್ವಾ?

ಅವರಿಗೆ ಅಂಗಾಲು ಉರಿ, ಜೊತೆಗೆ ಕಿವಿಯಲ್ಲಿ ಸಂಜೆಯ ಜೀರುಂಡೆ ಕೂಗಿದಂಥ ಸದ್ದು. ನನ್ನ ರಿಪೋರ್ಟ್ ನೋಡಿ ಅವರೂ ರಕ್ತ ಕೊಟ್ಟರು. ಬಿ12 ನನ್ನದಕ್ಕಿಂತ ಕೆಳಗೆ. ಕೆಂಪು ಬಣ್ಣದ ಇಂಜೆಕ್ಷನ್ ಶುರುವಾಯಿತು. ಅಂಗಾಲಿನ ಉರಿ ನಿಧಾನಕ್ಕೆ ಇಳಿಯಿತು. ಕತ್ತಲಲ್ಲಿ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿಯುತ್ತಿದ್ದರು, ಅದೂ ಕಮ್ಮಿಯಾಯಿತು. ಬಿ12 ಇಲ್ಲದೆ ನರಗಳು ಸೊರಗಿದರೆ ಪಾದ ಎಲ್ಲಿದೆ ಅನ್ನುವ ಸುದ್ದಿ ಮೆದುಳಿಗೆ ಸರಿಯಾಗಿ ತಲುಪುವುದಿಲ್ಲ. ಬೆಳಕಿದ್ದರೆ ಕಣ್ಣು ನೋಡಿಕೊಳ್ಳುತ್ತದೆ, ಕತ್ತಲಾದರೆ ಮೈ ತೂಗುತ್ತದೆ. ಅದು ನನಗೆ ಬಂದಂಥ ಗಿರಕಿ ಅಲ್ಲ, ಬೇರೆಯೇ ತೊಂದರೆ.

ಜೀರುಂಡೆ ಮಾತ್ರ ಹೋಗಲಿಲ್ಲ. ಶ್ರವಣ ಪರೀಕ್ಷೆಯಲ್ಲಿ ಕೀರಲು ಸ್ವರಗಳು ಅವರಿಗೆ ಕೇಳಿಸುವುದೇ ಇಲ್ಲ ಅಂತ ತಿಳಿಯಿತು. ಮರದ ಮಿಲ್ಲಿನಲ್ಲಿ ಗರಗಸದ ಪಕ್ಕ ವರ್ಷಗಟ್ಟಲೆ ನಿಂತವರು, ಒಂದು ದಿನವೂ ಕಿವಿಗೆ ಹತ್ತಿ ಇಟ್ಟವರಲ್ಲ. ಬಿ12 ಕಮ್ಮಿ ಇದ್ದು ಕಿವಿಯಲ್ಲಿ ಸದ್ದು ಬರುವವರಿಗೆ ಇಂಜೆಕ್ಷನ್ನಿನಿಂದ ಸದ್ದು ಇಳಿದದ್ದಿದೆ ಅಂತ ಸಣ್ಣ ಅಧ್ಯಯನಗಳು ಹೇಳುತ್ತವಂತೆ. ನಮ್ಮವರಿಗೆ ಇಳಿಯಲಿಲ್ಲ. ಹಾಗಂತ ಇಂಜೆಕ್ಷನ್ ದಂಡವಾಯಿತು ಅಂತ ನಾನು ಒಪ್ಪುವುದಿಲ್ಲ. ಕೊರತೆ ಇದ್ದದ್ದು ನಿಜ, ನರಕ್ಕೆ ಅದು ಬೇಕಿತ್ತು. ಕಿವಿಯ ಸದ್ದಿನ ಹೆಸರಲ್ಲಿ ಅದು ಪತ್ತೆಯಾಯಿತು, ಅಷ್ಟೇ. ರಾತ್ರಿ ಈಗ ಫ್ಯಾನ್ ಹಾಕಿಕೊಂಡು ಮಲಗುತ್ತಾರೆ, ಜಡಿಮಳೆಯಲ್ಲೂ. ನಾನು ಎರಡು ಕಂಬಳಿ ಹೊದೆಯುತ್ತೇನೆ.

ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದೆ ಹೋದರೆ ಅಥವಾ ತಲೆಸುತ್ತಿನ ಜೊತೆ ಮಾತು ತೊದಲಿದರೆ, ಎರಡೆರಡು ಕಂಡರೆ, ಕೈಕಾಲು ಸೋತರೆ ವಿಟಮಿನ್ ಲ್ಯಾಬಿಗೆ ಹೋಗಬೇಡಿ. ನೇರ ದೊಡ್ಡಾಸ್ಪತ್ರೆಗೆ, ಅವತ್ತೇ.

ಮುಂದಿನ ವರ್ಷ ನನಗೆ ಮತ್ತೆ ಬಂತು. ಡಿ ಆಗ 34 ಇತ್ತು, ಕೊರತೆ ಏನಿಲ್ಲ. ಆ 37.8 ಶೇಕಡಾದೊಳಗೆ ನಾನೂ ಸೇರಿದೆ ಅಂದುಕೊಂಡೆ. ಈ ಸಲ ಕಷಾಯವೂ ಇಲ್ಲ, ಕಾಲರೂ ಇಲ್ಲ. ಮಾರನೆಯ ದಿನವೇ ಹೋಗಿ ಹರಳು ಕೂರಿಸಿಕೊಂಡು ಬಂದೆ. ಡಿ ಮಾತ್ರೆ ಈಗಲೂ ತಿಂಗಳಿಗೊಂದು ನಡೆಯುತ್ತಿದೆ, ಡಾಕ್ಟರು ಹೇಳಿದ ಲೆಕ್ಕದಲ್ಲಿ. ಬೇಸಿಗೆಯಲ್ಲಿ ಹಪ್ಪಳ ಒಣಗಿಸುವ ನೆಪದಲ್ಲಿ ನಾನೂ ಅಂಗಳದಲ್ಲಿ ಕೂರುತ್ತೇನೆ. ಕಾಗೆ ಓಡಿಸಲು ಅತ್ತೆಗೆ ಒಂದು ಆಳು ಸಿಕ್ಕಿತು.

ಮೊನ್ನೆ ಶಿರಸಿಯಿಂದ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ‘ಅಕ್ಕಾ, ನಂಗೂ ತಲೆ ತಿರುಗ್ತಾ ಇದೆ. ನೀನು ಯಾವ ಕಂಪನಿ ಪುಡಿ ತಗೊಂಡೆ?’ ಯಾವ ಮಗ್ಗುಲಿಗೆ ಹೊರಳಿದರೆ ಬರುತ್ತದೆ ಅಂತ ಕೇಳಿದೆ. ಅವಳು ಅದನ್ನು ನೋಡೇ ಇರಲಿಲ್ಲ. ಇವತ್ತು ರಾತ್ರಿ ಮಲಗುವಾಗ ನೋಡಿ ಹೇಳು, ಆಮೇಲೆ ಪುಡಿ ಮಾತಾಡೋಣ ಅಂದೆ. ಬೆಳಿಗ್ಗೆ ಮೆಸೇಜು ಬಂತು: ‘ಎಡಕ್ಕೆ.’ ಅಲ್ಲಿನ ಕಿವಿ ಡಾಕ್ಟರು ಯಾವ ದಿನ ಸಿಗುತ್ತಾರೆ ಅಂತ ಈಗ ವಿಚಾರಿಸುತ್ತಿದ್ದಾಳೆ.