ಹ್ಯಾಂಗರಿಗೆ ಬೀಗ ಬಿದ್ದ ದಿನ ಮಾಲೀಕ ಯಾರು?

ವಿಮಾನಯಾನ ಸಂಸ್ಥೆಗಳು ದುರಸ್ತಿ ಕೆಲಸವನ್ನು ಹೊರಗುತ್ತಿಗೆಗೆ ಕೊಡುವ ವಿಚಾರ ಬಂದಾಗಲೆಲ್ಲ ಮೆಕ್ಸಿಕೊ, ಎಲ್ ಸಾಲ್ವಡಾರ್, ಚೀನಾಗಳ ಅಗ್ಗದ ಕೂಲಿಯ ಮಾತು ಮುಂದೆ ಬರುತ್ತದೆ. ಕೂಲಿಯ ಅಂತರ ಸುಳ್ಳಲ್ಲ. ಆದರೆ ಏರ್ ಕೆನಡಾದ ವಿಮಾನಗಳನ್ನು ದುರಸ್ತಿ ಮಾಡುತ್ತಿದ್ದ ಕೆನಡಾದ ಏವಿಯೋಸ್ ಕಂಪನಿಯ ಕತೆಯನ್ನು ಮೊದಲಿನಿಂದ ನೋಡಿದವರಿಗೆ, ಮೆಕ್ಯಾನಿಕ್‌ಗಳ ಕೆಲಸಕ್ಕೆ ಕುತ್ತು ಬಂದದ್ದು ವಿಮಾನಗಳು ಗಡಿ ದಾಟುವುದಕ್ಕೆ ಎಷ್ಟೋ ವರ್ಷ ಮೊದಲು, ಅವರ ವಿಭಾಗವನ್ನು ಕಾಗದದ ಮೇಲೆ ಬೇರೆ ಕಂಪನಿಯೆಂದು ಬರೆದಾಗ ಎಂಬುದು ತಿಳಿಯುತ್ತದೆ.

ವಿಮಾನದ ನಿರ್ವಹಣೆಯಲ್ಲಿ ಎರಡು ಬಗೆಯ ಕೆಲಸಗಳಿವೆ. ಎರಡು ಹಾರಾಟಗಳ ನಡುವೆ ಟೈರು, ಬ್ರೇಕು, ಎಣ್ಣೆ ನೋಡುವ ಲೈನ್ ಮೆಂಟೆನೆನ್ಸ್ ವಿಮಾನ ನಿಂತಲ್ಲೇ ನಡೆಯಬೇಕಾದ್ದರಿಂದ ಅದನ್ನು ದೂರದ ಊರಿಗೆ ಕಳಿಸಲಾಗದು. ಆದರೆ ಸುಮಾರು ಒಂದೂವರೆ, ಎರಡು ವರ್ಷಕ್ಕೊಮ್ಮೆ ಬರುವ ಸಿ ಚೆಕ್ ಎಂಬ ತಪಾಸಣೆ ಮತ್ತು ಹಲವು ವರ್ಷಗಳಿಗೊಮ್ಮೆ ಸೀಟು, ಒಳಗೋಡೆಗಳನ್ನೆಲ್ಲ ಕಳಚಿ ಲೋಹದ ಮೈಯನ್ನೇ ಪರೀಕ್ಷಿಸುವ ದೊಡ್ಡ ತಪಾಸಣೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ, ವಿಮಾನ ನಿಲ್ಲಿಸುವ ದೊಡ್ಡ ಶೆಡ್ಡಾದ ಹ್ಯಾಂಗರಿನೊಳಗೆ ನಡೆಯುವಂಥವು. ಅವುಗಳ ಖರ್ಚಿನಲ್ಲಿ ದೊಡ್ಡ ಪಾಲು ಕೈಕೆಲಸದ್ದು. ವಿಮಾನ ತಾನೇ ಹಾರಿಹೋಗಿ ದುರಸ್ತಿ ಮಾಡಿಸಿಕೊಂಡು ಬರಬಲ್ಲದು ಎಂಬ ಒಂದೇ ಕಾರಣಕ್ಕೆ ಈ ಕೆಲಸ ಎಲ್ಲಿಗೆ ಬೇಕಾದರೂ ಹೋಗುತ್ತದೆ.

ಈ ಭಯ ಕೆನಡಾದ ಸಂಸತ್ತಿಗೂ ಇತ್ತು. ಸರ್ಕಾರದ ಒಡೆತನದಲ್ಲಿದ್ದ ಏರ್ ಕೆನಡಾವನ್ನು ಖಾಸಗಿಗೆ ಒಪ್ಪಿಸಲು 1988ರಲ್ಲಿ ಮಾಡಿದ ಕಾನೂನಿನಲ್ಲಿ, ವಿನ್ನಿಪೆಗ್, ಮಾಂಟ್ರಿಯಲ್ ಮತ್ತು ಮಿಸಿಸಾಗಾಗಳಲ್ಲಿ ನಿರ್ವಹಣಾ ಕೇಂದ್ರಗಳನ್ನು ಸಂಸ್ಥೆ ಉಳಿಸಿಕೊಳ್ಳಲೇಬೇಕು ಎಂಬ ಷರತ್ತನ್ನು ಸೇರಿಸಲಾಯಿತು. 2003ರಲ್ಲಿ ಏರ್ ಕೆನಡಾ ದಿವಾಳಿ ರಕ್ಷಣೆ, ಅಂದರೆ ಸಾಲ ಕೊಟ್ಟವರಿಂದ ನ್ಯಾಯಾಲಯದ ತಾತ್ಕಾಲಿಕ ರಕ್ಷಣೆ ಕೋರಿತು. ಮರುವರ್ಷ ಅದರಿಂದ ಹೊರಬರುವಾಗ ಅದರ ದುರಸ್ತಿ ವಿಭಾಗ ಬೇರೆ ಘಟಕವಾಗಿತ್ತು. 2007ರಲ್ಲಿ ಆ ಘಟಕದ ಬಹುಪಾಲು ಒಡೆತನ ಖಾಸಗಿ ಹೂಡಿಕೆದಾರರ ಕೈಗೆ ಹೋಯಿತು, ಆಮೇಲೆ ಏವಿಯೋಸ್ ಎಂಬ ಹೆಸರು ಬಂತು. ಅದೇ ಕಂಪನಿ ಎಲ್ ಸಾಲ್ವಡಾರಿನ ಏರೋಮ್ಯಾನ್ ಎಂಬ ದುರಸ್ತಿ ಕೇಂದ್ರದಲ್ಲಿಯೂ ದೊಡ್ಡ ಪಾಲನ್ನು ಹೊಂದಿತ್ತು. ಇಷ್ಟಾದರೂ ಹ್ಯಾಂಗರು ಅದೇ, ವಿಮಾನಗಳು ಅವೇ, ಸ್ಪ್ಯಾನರ್ ಹಿಡಿದ ಕೈಗಳೂ ಅವೇ. 2011ರ ಜುಲೈಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಏರ್ ಕೆನಡಾದ ಹಾಜರಿ ಪುಸ್ತಕದಿಂದ ಏವಿಯೋಸಿನ ಪುಸ್ತಕಕ್ಕೆ ವರ್ಗವಾದರು. ವರ್ಷ ತುಂಬುವ ಮೊದಲೇ, 2012ರ ಮಾರ್ಚಿನಲ್ಲಿ, ಏವಿಯೋಸ್ ಬಾಗಿಲು ಹಾಕಿತು.

ಸುಮಾರು 2,600 ಮಂದಿಯ ಕೆಲಸ ಹೋಯಿತು. ಹೆಚ್ಚಿನವರು ಮಾಂಟ್ರಿಯಲ್‌ನವರು, ಉಳಿದವರು ವಿನ್ನಿಪೆಗ್ ಮತ್ತು ವ್ಯಾಂಕೂವರಿನವರು. ಏರ್ ಕೆನಡಾ ಕೊಡಬೇಕಾದಷ್ಟು ಕೆಲಸ ಕೊಡಲಿಲ್ಲ ಎಂದು ಏವಿಯೋಸ್ ದೂರಿತು, ಏರ್ ಕೆನಡಾ ಅದನ್ನು ಅಲ್ಲಗಳೆಯಿತು. ಯಾರ ಮಾತು ನಿಜವೆಂದು ತೀರ್ಮಾನಿಸುವುದಕ್ಕಿಂತ, ಇಂಥದೊಂದು ವಾದ ಸಾಧ್ಯವಾದದ್ದೇ ನನಗೆ ಮುಖ್ಯವೆನಿಸುತ್ತದೆ. ಹತ್ತು ವರ್ಷ ಹಿಂದಾಗಿದ್ದರೆ ಮೆಕ್ಯಾನಿಕ್‌ಗಳಿಗೆ ಒಬ್ಬನೇ ಮಾಲೀಕನಿದ್ದ, ಅವನ ಎದುರಿಗೆ ಸಂಘ ಕೂರಬಹುದಿತ್ತು. ಈಗ ಗ್ರಾಹಕನ ಕಡೆಗೆ ಬೆರಳು ತೋರಿಸುವ ಮಾಲೀಕ ದಿವಾಳಿಯಾಗಿದ್ದಾನೆ, ದಿವಾಳಿಯಾಗದ ಗ್ರಾಹಕ ತಾನು ಮಾಲೀಕನೇ ಅಲ್ಲ ಎನ್ನುತ್ತಾನೆ.

ಈ ಕಸುಬಿನಲ್ಲಿ ಕೆಲಸ ಕಳೆದುಕೊಂಡವರು ಪಕ್ಕದ ಬೀದಿಯ ಗ್ಯಾರೇಜಿಗೆ ಸೇರುವಂತಿಲ್ಲ. ಲೈಸೆನ್ಸ್ ಇದ್ದವರ ಅರ್ಹತೆಯೂ ನಿರ್ದಿಷ್ಟ ಮಾದರಿಯ ವಿಮಾನಗಳಿಗೆ ಅಂಟಿಕೊಂಡಿರುತ್ತದೆ. ಎಂಜಿನ್ ಶಾಪಿನಲ್ಲಿ ಒಂದೇ ಜಾತಿಯ ಎಂಜಿನ್ನನ್ನು ಬಿಚ್ಚಿ ಜೋಡಿಸುವುದರಲ್ಲಿ ಇಪ್ಪತ್ತು ವರ್ಷ ಕಳೆದವರ ಪರಿಣತಿಗೆ ಆ ಊರಿನಲ್ಲಿ ಇನ್ನೊಬ್ಬ ಗಿರಾಕಿ ಇರುವುದು ಅಪರೂಪ. ಮಾಂಟ್ರಿಯಲ್‌ನ ಎಂಜಿನ್ ಕೇಂದ್ರವನ್ನು ಮುಂದೆ ಲಾಕ್‌ಹೀಡ್ ಮಾರ್ಟಿನ್ ಕೊಂಡುಕೊಂಡು ಕೆಲವರಿಗೆ ಕೆಲಸ ಕೊಟ್ಟಿತಾದರೂ, ಹೊಸಬರಾಗಿ ಸೇರಿದವರ ಹಿರಿತನ ಮತ್ತೆ ಸೊನ್ನೆಯಿಂದ ಶುರು. ಪಾಳಿ, ರಜೆ, ಮುಂದಿನ ಸಲ ಯಾರನ್ನು ಮೊದಲು ಮನೆಗೆ ಕಳಿಸಬೇಕು ಎಂಬುದೆಲ್ಲ ನಿರ್ಧಾರವಾಗುವುದು ಹಿರಿತನದ ಮೇಲೆಯೇ.

1988ರ ಷರತ್ತನ್ನು ಮುರಿಯಲಾಗಿದೆ ಎಂದು ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ ಏರ್ ಕೆನಡಾದ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು, 2013ರಲ್ಲಿ ಗೆದ್ದಿತು, 2015ರ ನವೆಂಬರಿನಲ್ಲಿ ಮೇಲ್ಮನವಿಯಲ್ಲೂ ಗೆದ್ದಿತು. ಕಾನೂನು ಕಾರ್ಮಿಕರ ಪರವಾಗಿದೆ ಎಂದು ಎರಡು ಹಂತದ ನ್ಯಾಯಾಲಯಗಳು ಹೇಳಿದ ಮೇಲೆ ನಡೆದದ್ದು ಇಡೀ ಪ್ರಕರಣದ ಅತ್ಯಂತ ಕಹಿಯಾದ ಭಾಗ. 2016ರ ಫೆಬ್ರುವರಿಯಲ್ಲಿ ಏರ್ ಕೆನಡಾ ಕ್ವಿಬೆಕ್‌ನ ವಿಮಾನ ತಯಾರಕ ಬೊಂಬಾರ್ಡಿಯರ್ ಕಂಪನಿಯ 45 ಸಿ ಸೀರೀಸ್ ವಿಮಾನಗಳನ್ನು ಕೊಳ್ಳುವ, ಅವುಗಳ ನಿರ್ವಹಣೆಯನ್ನು ಕ್ವಿಬೆಕ್‌ನಲ್ಲಿಯೇ ಮಾಡಿಸುವ ಇರಾದೆಯನ್ನು ಪ್ರಕಟಿಸಿತು. ಆ ವಿಮಾನ ಯೋಜನೆಯಲ್ಲಿ ನೂರು ಕೋಟಿ ಡಾಲರ್ ಹೂಡಲು ಒಪ್ಪಿದ್ದ ಕ್ವಿಬೆಕ್ ಸರ್ಕಾರ ಮೊಕದ್ದಮೆಯಿಂದ ಹಿಂದೆ ಸರಿಯಿತು. ಜೂನ್ ತಿಂಗಳ ಹೊತ್ತಿಗೆ ಕೇಂದ್ರ ಸರ್ಕಾರ 1988ರ ಷರತ್ತನ್ನೇ ತಿದ್ದಿಬಿಟ್ಟಿತ್ತು. ತಿದ್ದುಪಡಿಯ ಪ್ರಕಾರ ಏರ್ ಕೆನಡಾ ಆಂಟೇರಿಯೊ, ಕ್ವಿಬೆಕ್, ಮ್ಯಾನಿಟೋಬಾ ಪ್ರಾಂತಗಳಲ್ಲಿ ನಿರ್ವಹಣಾ ಕೆಲಸವನ್ನು ತಾನೇ ಮಾಡಬಹುದು ಅಥವಾ ಬೇರೆಯವರಿಂದ ಮಾಡಿಸಬಹುದು. ಪೂರ್ತಿ ನಿಲ್ಲಿಸದಿದ್ದರೆ ಸಾಕು, ಕೆಲಸದ ಬಗೆ, ಪ್ರಮಾಣ, ಉದ್ಯೋಗಗಳ ಸಂಖ್ಯೆ ಎಲ್ಲವನ್ನೂ ಬದಲಿಸಬಹುದು. ಗೆದ್ದ ಮೊಕದ್ದಮೆಯ ಕೆಳಗಿನ ನೆಲವನ್ನೇ ಎಳೆದುಕೊಂಡಂತಾಯಿತು.

ಏರ್ ಕೆನಡಾದ ಕೆಲವು ಏರ್‌ಬಸ್ ವಿಮಾನಗಳು ಆಮೇಲೆ ಹೋದದ್ದು ಉಷ್ಣವಲಯದ ಯಾವುದೋ ಬಡ ದೇಶಕ್ಕಲ್ಲ, ಅಮೆರಿಕದ ಮಿನೆಸೋಟ ರಾಜ್ಯದ ಡುಲುತ್ ಎಂಬ ಊರಿಗೆ. ಅಲ್ಲಿನ ಹ್ಯಾಂಗರನ್ನು ತೊಂಬತ್ತರ ದಶಕದಲ್ಲಿ ರಾಜ್ಯದ ನೆರವಿನಿಂದ ಕಟ್ಟಿದ್ದು ನಾರ್ತ್‌ವೆಸ್ಟ್ ಏರ್‌ಲೈನ್ಸ್‌ಗಾಗಿ. ನಾರ್ತ್‌ವೆಸ್ಟ್ 2005ರಲ್ಲಿ ಮೆಕ್ಯಾನಿಕ್ ಮತ್ತು ಸ್ವಚ್ಛತಾ ಕಾರ್ಮಿಕರ ಅರ್ಧಕ್ಕಿಂತ ಹೆಚ್ಚು ಹುದ್ದೆಗಳನ್ನು ಕಡಿದು, ಉಳಿದವರ ಸಂಬಳದಲ್ಲಿ ಕಾಲು ಭಾಗ ಕತ್ತರಿಸಲು ಹೊರಟಾಗ ಸುಮಾರು 4,400 ಮಂದಿ ಮುಷ್ಕರ ಹೂಡಿದರು. ಕಂಪನಿ ಬದಲಿ ಕೆಲಸಗಾರರನ್ನಿಟ್ಟು ಹಾರಾಟ ಮುಂದುವರಿಸಿತು, ಪೈಲಟ್‌ಗಳ ಸಂಘ ಮುಷ್ಕರ ಹೂಡಿದವರ ಬೆನ್ನಿಗೆ ನಿಲ್ಲಲಿಲ್ಲ, ಡುಲುತ್ ಕೇಂದ್ರ ಮುಚ್ಚಿತು. 2012ರಲ್ಲಿ ಗುತ್ತಿಗೆ ಕಂಪನಿಯೊಂದು ಅದೇ ಹ್ಯಾಂಗರನ್ನು ತೆರೆದಾಗ ಏರ್ ಕೆನಡಾ ಅದರ ಗಿರಾಕಿಯಾಯಿತು. ಹೊರಗುತ್ತಿಗೆಯೆಂದರೆ ಬಡ ದೇಶದವರು ನಮ್ಮ ಅನ್ನ ಕಸಿದರು ಎನ್ನುವವರು ಈ ಒಂದು ಹ್ಯಾಂಗರಿನ ಇತಿಹಾಸವನ್ನು ನೋಡಬೇಕು.

ಹೊಣೆ ಮಾತ್ರ ಗುತ್ತಿಗೆಯ ಮೆಟ್ಟಿಲಿಳಿದು, ಕೆಲಸ ಆಯಿತೆಂದು ಸಹಿ ಹಾಕಿದ ಮೆಕ್ಯಾನಿಕ್‌ನ ತಲೆಗೆ ಬಂದು ನಿಲ್ಲಬಲ್ಲದು. 1996ರಲ್ಲಿ 110 ಜನರನ್ನು ಬಲಿ ತೆಗೆದುಕೊಂಡ ಅಮೆರಿಕದ ವ್ಯಾಲ್ಯೂಜೆಟ್ ವಿಮಾನ ದುರಂತಕ್ಕೆ ಕಾರಣವಾದ ಆಮ್ಲಜನಕ ಉತ್ಪಾದಕಗಳನ್ನು ಸುರಕ್ಷತಾ ಮುಚ್ಚಳವಿಲ್ಲದೆ ಸಾಗಿಸಲು ಕೊಟ್ಟದ್ದು ಗುತ್ತಿಗೆ ಕಂಪನಿಯಾಗಿದ್ದ ಸೇಬರ್‌ಟೆಕ್. ಕಂಪನಿಯ ಜೊತೆಗೆ ಮೆಕ್ಯಾನಿಕ್‌ಗಳ ಮೇಲೂ ಕ್ರಿಮಿನಲ್ ಮೊಕದ್ದಮೆ ಹೂಡಲಾಯಿತು. ವಿಚಾರಣೆ ಎದುರಿಸಿದ ಇಬ್ಬರು ನೌಕರರು 1999ರಲ್ಲಿ ನಿರ್ದೋಷಿಗಳೆಂದು ಬಿಡುಗಡೆಯಾದರು.

ನಮ್ಮಲ್ಲಿಯೂ ಏರ್ ಇಂಡಿಯಾದ ಎಂಜಿನಿಯರಿಂಗ್ ವಿಭಾಗ ಪ್ರತ್ಯೇಕ ಕಂಪನಿಯಾಗಿ ಮೊದಲೇ ಬೇರ್ಪಟ್ಟಿತ್ತು. 2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾಗಳ ಪಾಲಾದಾಗ ಆ ಕಂಪನಿ ಸರ್ಕಾರದ ಬಳಿಯೇ ಉಳಿಯಿತು. ವಿಮಾನಗಳು ಒಬ್ಬರವು, ಅವುಗಳ ಮೈ ಬಲ್ಲವರು ಇನ್ನೊಬ್ಬರ ನೌಕರರು. ಇತ್ತ ಏರ್ ಇಂಡಿಯಾ ಬೆಂಗಳೂರು ವಿಮಾನ ನಿಲ್ದಾಣದ ಬಳಿ 35 ಎಕರೆಯಲ್ಲಿ ಸ್ವಂತ ನಿರ್ವಹಣಾ ಕೇಂದ್ರ ಕಟ್ಟುವ ಕೆಲಸವನ್ನು 2024ರಲ್ಲಿ ಆರಂಭಿಸಿತು. ಕೆಲಸ ಮನೆಗೆ ಮರಳುತ್ತಿರುವುದು ಒಳ್ಳೆಯ ಸುದ್ದಿಯೇ. ಅಲ್ಲಿಗೆ ಅರ್ಜಿ ಹಾಕುವ ನಮ್ಮ ಹುಡುಗ ಹುಡುಗಿಯರು ಸಂಬಳದ ಅಂಕಿಯ ಜೊತೆಗೆ ನೇಮಕಾತಿ ಪತ್ರದ ತಲೆಬರಹದಲ್ಲಿ ಯಾವ ಕಂಪನಿಯ ಹೆಸರಿದೆ, ಅವಧಿ ಎಷ್ಟೆಂದು ಬರೆದಿದೆ, ಕಂಪನಿ ಕೈ ಬದಲಿಸಿದರೆ ಸೇವಾ ಹಿರಿತನ ಏನಾಗುತ್ತದೆ ಎಂಬುದನ್ನೂ ಸಹಿಗೆ ಮೊದಲು ಕೇಳಲಿ.